ಸದ್ದಿಲ್ಲದ ಗಾಡಿಯಲ್ಲಿ ಗುಡ್ಡ ಹತ್ತಿದ್ದು

ನ್ಯಾಮತಿ

ನಿವೃತ್ತಿಯಾಗುವವರೆಗೂ ನಾನು ಸರ್ಕಾರಿ ಬಸ್ಸು ಓಡಿಸಿದವನು. ಹೊನ್ನಾಳಿಯಿಂದ ನ್ಯಾಮತಿ, ನ್ಯಾಮತಿಯಿಂದ ಚನ್ನಗಿರಿ, ಕೊನೆಕೊನೆಗೆ ಜಗಳೂರಿನ ದಾರಿ. ಎದುರಿಗೆ ಬರುವ ಲಾರಿಯವನು ಕುಡಿದಿದ್ದಾನೆ, ಪಕ್ಕದ ಬೈಕಿನವನು ಕೈ ತೋರಿಸದೆ ತಿರುಗುತ್ತಾನೆ, ರಸ್ತೆ ಬದಿಯ ಎಮ್ಮೆ ನಾನು ಹತ್ತಿರ ಬರುವುದನ್ನೇ ಕಾಯುತ್ತಿದೆ ಎಂದು ನಂಬಿಕೊಂಡೇ ಸ್ಟೇರಿಂಗ್ ಹಿಡಿಯಬೇಕು. ಹಾಗೆ ಹಿಡಿದದ್ದರಿಂದಲೇ ನನ್ನ ಬಸ್ಸಿನಿಂದ ಯಾರ ಜೀವಕ್ಕೂ ಕುತ್ತು ಬರಲಿಲ್ಲ. ಆದರೆ ಆ ಗುಣ ಸ್ಟೇರಿಂಗ್ ಬಿಟ್ಟ ಮೇಲೂ ನನ್ನನ್ನು ಬಿಡಲಿಲ್ಲ. ತರಕಾರಿಯವಳ ತಕ್ಕಡಿ, ಬ್ಯಾಂಕಿನ ಮೆಷಿನ್ನು, ಹವಾಮಾನ ಹೇಳುವ ಟಿವಿಯವನು, ಎಲ್ಲರ ಮೇಲೂ ಅನುಮಾನ. "ನಿಮ್ಮ ಜೊತೆ ಬಾಳ್ವೆ ಮಾಡೋದೂ ಒಂದೇ, ಪೊಲೀಸ್ ಸ್ಟೇಷನ್ನಾಗೆ ಕೂರೋದೂ ಒಂದೇ" ಎನ್ನುತ್ತಾಳೆ ನನ್ನ ಹೆಂಡತಿ ರತ್ನಮ್ಮ.

ಥಾಯ್ಲೆಂಡಿಗೆ ಹೋಗೋಣ ಎಂದವರು ಜಗಳೂರಿನ ಮಲ್ಲೇಶಪ್ಪ ಮೇಷ್ಟ್ರು. ನಮ್ಮದು ಅಪ್ಪನ ಕಾಲದಲ್ಲೇ ಬೌದ್ಧ ಧರ್ಮ ಸ್ವೀಕರಿಸಿದ ಮನೆ. ಮೇಷ್ಟ್ರದೂ ಅಷ್ಟೇ. ಮಳೆಗಾಲವಿಡೀ ಒಂದೇ ಕಡೆ ಉಳಿಯುವ ವರ್ಷಾವಾಸ ಮುಗಿಸಿದ ಭಿಕ್ಷುಗಳಿಗೆ ಹೊಸ ಚೀವರ, ಅಂದರೆ ಉಡುವ ಕಾವಿ ಬಟ್ಟೆ, ದಾನ ಕೊಡುವುದು ದೊಡ್ಡ ಪುಣ್ಯದ ಕೆಲಸ. ಆ ದೇಶದ ಉತ್ತರದ ಗುಡ್ಡಗಳಲ್ಲಿ ಒಂದು ಸಣ್ಣ ವಿಹಾರವಿದೆ, ಅಲ್ಲಿಗೆ ಹೋಗಿ ಕೊಡೋಣ ಎಂದು ಅವರು ಎಂಟು ಜನರ ಗುಂಪು ಕಟ್ಟಿದ್ದರು.

"ಗುಡ್ಡಕ್ಕೆ ಗಾಡಿ ಯಾವುದು, ಓಡಿಸೋರು ಯಾರು?" ಎಂದು ಕೇಳಿದೆ.

"ಅಲ್ಲೇ ಸಿಗ್ತೈತೆ ಬಿಡ್ರಿ" ಎಂದರು ಮೇಷ್ಟ್ರು.

ಅಲ್ಲಿಂದಲೇ ನನ್ನ ನಿದ್ದೆ ಕೆಟ್ಟಿತು. ರತ್ನಮ್ಮನಿಗೆ ಮೊದಲಿನಿಂದಲೂ ಉಬ್ಬಸ. ಔಷಧಿಯನ್ನು ಹೊಗೆಯಂತೆ ಮಾಡಿ ಮೂಗಿಗೆ ಕೊಡುವ ಸಣ್ಣ ಯಂತ್ರವೊಂದು ಅವಳ ಬ್ಯಾಗಿನಲ್ಲಿ ಸದಾ ಇರುತ್ತದೆ. ಅದು ನಡೆಯಬೇಕಾದರೆ ಕರೆಂಟ್ ಬೇಕು.

ಬ್ಯಾಂಕಾಕ್

ಆ ಊರಿನಲ್ಲಿ ನನ್ನನ್ನು ಮೊದಲು ಕಾಡಿದ್ದು ಗಗನಕ್ಕೆ ಮುಟ್ಟುವ ಕಟ್ಟಡಗಳಲ್ಲ, ಹಾರನ್ ಇಲ್ಲದಿರುವುದು. ನಮ್ಮ ಹಾಗೆಯೇ ಎಡಕ್ಕೆ ಓಡಿಸುತ್ತಾರೆ, ಸ್ಟೇರಿಂಗೂ ಬಲಕ್ಕೆ. ಕನ್ನಡಿಗೆ ಹೂವಿನ ಹಾರ ಕೂಡ ನಮ್ಮವರಂತೆಯೇ ಕಟ್ಟಿರುತ್ತಾರೆ. ಆದರೆ ಸಿಗ್ನಲ್ಲಿನಲ್ಲಿ ನೂರಾರು ಗಾಡಿ ನಿಂತಿದ್ದರೂ ಒಬ್ಬನೂ ಹಾರನ್ ಒತ್ತುವುದಿಲ್ಲ. ಹೊನ್ನಾಳಿ ಬಸ್ ನಿಲ್ದಾಣದಲ್ಲಿ ಖಾಲಿ ಬಸ್ಸಿನಲ್ಲಿ ಕೂತವನೂ ಬೇಜಾರಿಗೆ ಎರಡು ಸಲ ಒತ್ತುತ್ತಾನೆ. ಇಲ್ಲಿ ಎಲ್ಲರ ಹಾರನ್ನೂ ಒಟ್ಟಿಗೆ ಕೆಟ್ಟಿದೆಯೇ, ಅಥವಾ ಇವರು ಒಳಗೊಳಗೇ ಏನೋ ಲೆಕ್ಕ ಹಾಕುತ್ತಿದ್ದಾರೆಯೇ ಎಂದು ನನಗೆ ಅನುಮಾನ.

ಊಟದ ಮೇಜಿನ ಮೇಲೆ ಸಣ್ಣ ಬಟ್ಟಲುಗಳಲ್ಲಿ ಖಾರದ ಪುಡಿ, ಹುಳಿ ನೀರು, ಮೀನಿನ ರಸ, ಸಕ್ಕರೆ ಇಟ್ಟಿರುತ್ತಾರೆ. ಬೇಕಾದದ್ದನ್ನು ಬೇಕಾದಷ್ಟು ಹಾಕಿಕೊಳ್ಳಬೇಕು. ನಾನು ಉಪ್ಪೆಂದು ಸಕ್ಕರೆ ಸುರಿದುಕೊಂಡೆ. ಹೋಟೆಲಿನ ಹೆಂಗಸು ಓಡಿ ಬಂದು, ತಟ್ಟೆ ತೆಗೆದುಕೊಂಡು ಹೋಗಿ, ಬೇರೆ ತಟ್ಟೆ ಇಟ್ಟು, "ಮೈ ಪೆನ್ ರೈ" ಎಂದು ನಕ್ಕಳು. ಪರವಾಗಿಲ್ಲ, ಚಿಂತೆ ಬೇಡ ಎಂದರ್ಥವಂತೆ. ಆ ಮಾತು ಆ ದೇಶದಲ್ಲಿ ದಿನಕ್ಕೆ ಎಷ್ಟೋ ಸಲ ಕಿವಿಗೆ ಬೀಳುತ್ತದೆ. ನಮ್ಮ ಕಡೆ ಮೆಕ್ಯಾನಿಕ್ ಗಾಡಿಯ ಅಡಿಯಿಂದಲೇ "ಆಗ್ತೈತೆ ಬಿಡ್ರಿ" ಎನ್ನುತ್ತಾನಲ್ಲ, ನನಗೆ ಅದೇ ನೆನಪಾಯಿತು.

ಗುಡ್ಡದ ಬುಡ

ರೈಲಿನಲ್ಲಿ ಚಿಯಾಂಗ್ ಮಾಯ್ ತಲುಪಿ, ಅಲ್ಲಿಂದ ಡೀಸೆಲ್ ವ್ಯಾನಿನಲ್ಲಿ ಹೊರಟೆವು. ದಾರಿಯಲ್ಲೇ ನನಗೆ ಕ್ಲಚ್ ಸುಡುವ ವಾಸನೆ ಬಂತು. ಹೇಳಿದೆ. ಯಾರೂ ಕೇಳಲಿಲ್ಲ. ಗುಡ್ಡದ ಬುಡದ ಸಣ್ಣ ಪೇಟೆಯಲ್ಲಿ ವ್ಯಾನು ನಿಂತೇ ಹೋಯಿತು. ಅದರ ಚಾಲಕ ಯಾರಿಗೋ ಫೋನು ಮಾಡಿದ. ಊಟ ಮುಗಿಸುವಷ್ಟರಲ್ಲಿ ಬೇರೆ ಗಾಡಿ ಬಂತು.

ಅದೊಂದು ಪಿಕಪ್. ಮುಂದೆ ಎರಡು ಸಾಲು ಸೀಟು, ಹಿಂದೆ ತೊಟ್ಟಿಯಲ್ಲಿ ಎದುರುಬದುರು ಬೆಂಚು, ಮೇಲೆ ಟಾರ್ಪಾಲು. ಇಳಿದು ಬಂದವಳು ನಲವತ್ತರ ಆಸುಪಾಸಿನ ಹೆಂಗಸು, ಕಾಲಿಗೆ ರಬ್ಬರ್ ಬೂಟು. ಹೆಸರು ನೋಯ್. ಕೈ ಜೋಡಿಸಿ ತಲೆ ಬಾಗಿಸಿ, ನನ್ನನ್ನು ನೋಡಿ "ಲುಂಗ್" ಎಂದಳು.

ನಾನು ಹಾಕಿದ್ದು ಪ್ಯಾಂಟು. ಬೆಳಿಗ್ಗೆ ತಿಂಡಿಗೆ ಲುಂಗಿಯಲ್ಲಿ ಕೂತಿದ್ದೆ, ಅದನ್ನು ಯಾರೋ ಹೇಳಿರಬೇಕು, ಆಡಿಕೊಳ್ಳುತ್ತಿದ್ದಾಳೆ ಎಂದು ಮುಖ ಬಿಗಿದುಕೊಂಡೆ. ಆ ಭಾಷೆಯಲ್ಲಿ ಲುಂಗ್ ಎಂದರೆ ದೊಡ್ಡಪ್ಪ ಎಂದು ಮೇಷ್ಟ್ರು ಆಮೇಲೆ ತಿಳಿಸಿದರು.

ಗಾಡಿಯ ಸುತ್ತ ಒಂದು ಸುತ್ತು ಹಾಕಿದೆ. ಬಗ್ಗಿ ನೋಡಿದೆ. ಸೈಲೆನ್ಸರ್ ಪೈಪಿಲ್ಲ.

"ಮೇಷ್ಟ್ರೇ, ಇದು ಕರೆಂಟ್ ಗಾಡಿ ಕಣ್ರೀ."

"ಹೌದಂತೆ. ಒಳ್ಳೇದಾತಲ್ಲ, ಹೊಗೆ ಇಲ್ಲ."

"ಹೊಗೆ ಇಲ್ಲ, ಸರಿ. ಗುಡ್ಡದ ಮಧ್ಯೆ ನಿಂತ್ರೆ ಏನು ಮಾಡ್ತೀರಿ? ಡೀಸೆಲ್ ಆದ್ರೆ ಕ್ಯಾನಿನಾಗೆ ತರಬಹುದು. ಕರೆಂಟನ್ನ ಯಾವುದ್ರಾಗೆ ತರಾಕೆ ಹೋಗ್ತೀರಿ?"

ಅನುಭವವಿಲ್ಲದೆ ಆಡಿದ ಮಾತಲ್ಲ ಅದು. ಹೊನ್ನಾಳಿಯ ಹೊಳೆ ಸೇತುವೆಯ ಮೇಲೆ ನಮ್ಮ ಸಂಬಂಧಿಕನ ಕರೆಂಟ್ ಸ್ಕೂಟರ್ ನಿಂತಾಗ ತಳ್ಳಿದವರಲ್ಲಿ ನಾನೂ ಒಬ್ಬ. ಸ್ಕೂಟರನ್ನಾದರೂ ತಳ್ಳಬಹುದು.

ಬೇರೆ ದಾರಿಯಿರಲಿಲ್ಲ. ರತ್ನಮ್ಮ ಮತ್ತು ಮೇಷ್ಟ್ರನ್ನು ಹಿಂದಿನ ಸೀಟಿಗೆ, ಉಳಿದವರನ್ನು ಚೀವರದ ಗಂಟುಗಳ ಜೊತೆ ತೊಟ್ಟಿಗೆ ಹತ್ತಿಸಿ, ನಾನು ನೋಯ್ ಪಕ್ಕದ ಸೀಟು ಹಿಡಿದೆ. ಗೇರಿಲ್ಲ, ಕ್ಲಚ್ಚಿಲ್ಲ. ಅವಳು ಏನೋ ಒಂದು ಗುಂಡಿ ತಿರುಗಿಸಿದಳು, ಗಾಡಿ ಜಾರಿತು. ಎಂಜಿನ್ನಿನ ಸದ್ದು ಕೇಳಿ ಗಾಡಿಯ ಆರೋಗ್ಯ ತಿಳಿಯುವವನು ನಾನು. ಇಲ್ಲಿ ಕೇಳಲು ಏನೂ ಇರಲಿಲ್ಲ. ಪರದೆಯ ಮೇಲೆ ಬ್ಯಾಟರಿಯ ಅಂಕಿಯೊಂದೇ ಕಾಣುತ್ತಿತ್ತು. ನನ್ನ ಕಣ್ಣು ಅದಕ್ಕೇ ಅಂಟಿತು.

ಏರು ಶುರುವಾಯಿತು. ಎಂಟು ಜನ, ಗಂಟುಗಳು, ಎರಡು ಗ್ಯಾಸ್ ಸಿಲಿಂಡರು, ಉಪ್ಪಿನ ಮೂಟೆ. ನಾನು ಓಡಿಸುತ್ತಿದ್ದ ಬಸ್ಸಾದರೆ ಮೊದಲ ಗೇರಿನಲ್ಲಿ ನರಳುತ್ತಿತ್ತು. ಇದು ಸಪಾಟು ರಸ್ತೆಯಲ್ಲಿ ಹೋದಂತೆ ಹೋಗುತ್ತಿತ್ತು. ಆದರೆ ಅಂಕಿ ಕಣ್ಣೆದುರೇ ಇಳಿಯುತ್ತಿತ್ತು. ನಾನು ಅಂದುಕೊಂಡದ್ದೇ ಸರಿ ಎಂದು ಒಂದು ಕಡೆ ಸಮಾಧಾನ, ಇನ್ನೊಂದು ಕಡೆ ಹೆದರಿಕೆ.

ಜೋಳದ ಕಣ

ಅರ್ಧ ಗುಡ್ಡ ಹತ್ತಿದ ಮೇಲೆ ನೋಯ್ ಒಂದು ಮನೆಯ ಮುಂದೆ ಗಾಡಿ ನಿಲ್ಲಿಸಿದಳು. ಅಂಗಳದ ತುಂಬ ಮೆಕ್ಕೆಜೋಳದ ತೆನೆಯ ರಾಶಿ. ಸಂತೇಬೆನ್ನೂರಿನ ಯಾವುದೋ ಕಣದಲ್ಲಿ ಇಳಿದ ಹಾಗಾಯಿತು. ಅಡಿಕೆ ಜಗಿದು ತುಟಿ ಕೆಂಪಾಗಿದ್ದ ಮುದುಕಿಯೊಬ್ಬಳು ಹೊರಗೆ ಬಂದಳು. ಇಬ್ಬರೂ ಸೇರಿ ಕಾಳು ಬಿಡಿಸುವ ಯಂತ್ರವೊಂದನ್ನು ಎಳೆದು ತಂದು, ಅದರ ವೈರನ್ನು ಗಾಡಿಯ ತೊಟ್ಟಿಯಲ್ಲಿದ್ದ ಪ್ಲಗ್ಗಿಗೆ ಸಿಕ್ಕಿಸಿದರು. ಯಂತ್ರ ಗರ್ ಎಂದಿತು.

ನಾನು ಇಳಿದೇ ಬಿಟ್ಟೆ. "ಮೇಷ್ಟ್ರೇ, ನಮ್ಮನ್ನ ಕೂರಿಸಿ ಈಯಮ್ಮ ಬಾಡಿಗೆ ಕೆಲಸ ಮಾಡ್ತಾ ಅವಳೆ! ನಮ್ಮ ಚಾರ್ಜು ಅದು!"

ನೋಯ್ ತನ್ನ ಫೋನಿಗೆ ಏನೋ ಹೇಳಿದಳು. ಫೋನು ಅದನ್ನು ಕನ್ನಡ ಮಾಡಿ ಶಾಲೆಯ ಪ್ರಾರ್ಥನೆಯ ದನಿಯಲ್ಲಿ ನುಡಿಯಿತು: "ಹಿರಿಯರೇ, ಈ ಅಜ್ಜಿಯ ಮನೆಯಲ್ಲಿ ವಿದ್ಯುತ್ತು ಬಡವಾಗಿದೆ. ಜೋಳವು ಮಳೆಯ ಮುನ್ನ ಬೆತ್ತಲಾಗಬೇಕು."

ತೊಟ್ಟಿಯಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ. ಮೇಷ್ಟ್ರು ಇಂಗ್ಲಿಷಿನಲ್ಲಿ ವಿಚಾರಿಸಿ ತಿಳಿದುಕೊಂಡರು. ಅವಳು ಈ ಗಾಡಿಯಲ್ಲಿ ಕೆಳಗಿನ ಪೇಟೆಗೆ ಎಲೆಕೋಸು ಸಾಗಿಸುತ್ತಾಳೆ, ಬರುವಾಗ ಗ್ಯಾಸು, ಗೊಬ್ಬರ, ಐಸಿನಲ್ಲಿಟ್ಟ ಮೀನು ತರುತ್ತಾಳೆ. ದಾರಿಯ ಮನೆಗಳಲ್ಲಿ ಔಷಧಿ ಸಿಂಪಡಿಸುವ ಪಂಪಿಗೆ, ಮರ ಕೊಯ್ಯುವ ಗರಗಸಕ್ಕೆ, ವಿಹಾರದ ಮೈಕಿಗೆ ಇದರದೇ ಕರೆಂಟ್.

"ನಮ್ಮ ಕಡೆ ಅಡಿಕೆ ಸುಲಿಯೋ ಟೈಮಿನಾಗೆ ಕರೆಂಟ್ ಹೋದ್ರೆ ಹಿಂಗೊಂದು ಗಾಡಿ ಇದ್ರೆ ಹೆಂಗೆ?" ಎಂದಳು ರತ್ನಮ್ಮ. ಅವಳು ನಲ್ಲೂರಿನವಳು, ಅಡಿಕೆ ಸುಲಿದೇ ದೊಡ್ಡವಳಾದವಳು.

"ಅಡಿಕೆ ಸುಲೀತೈತೆ. ಆಮೇಲೆ ಗಾಡಿ ಮನೆಗೆ ಹೋಗಾಕೆ ಎತ್ತು ಕಟ್ಟಬೇಕಾಗ್ತೈತೆ" ಎಂದೆ.

ಮುದುಕಿ ಬಂದು ನನ್ನ ಕೈಯಲ್ಲಿ ವೀಳ್ಯದೆಲೆ, ಅಡಿಕೆ, ಸುಣ್ಣ ಇಟ್ಟಳು. ಅಡಿಕೆ ಹಸಿಯದು, ಚೊಗರು ಜಾಸ್ತಿ. ಆದರೂ ಜಗಿದೆ. ಮತ್ತೆ ಹೊರಟಾಗ ಅಂಕಿ ಇನ್ನಷ್ಟು ಇಳಿದಿತ್ತು. ನಾನು ಬೆರಳಿಟ್ಟು ತೋರಿಸಿದೆ. ನೋಯ್ "ಮೈ ಪೆನ್ ರೈ" ಎಂದಳು.

ವಿಹಾರ

ಗಾಡಿ ನಿಲ್ಲದೆ ವಿಹಾರ ತಲುಪಿತು. ಅಲ್ಲಿ ಚಾರ್ಜಿಗೆ ಹಾಕುತ್ತಾರೆಂದು ನಂಬಿದ್ದೆ. ಹಾಕಿದರು ಕೂಡ. ಆದರೆ ಆ ಗುಡ್ಡದ ಕರೆಂಟ್ ಎಷ್ಟು ಸಣ್ಣದೆಂದರೆ, ಮರುದಿನ ಬೆಳಿಗ್ಗೆ ನೋಡಿದಾಗಲೂ ಬ್ಯಾಟರಿ ಅರ್ಧಕ್ಕೆ ಬಂದಿರಲಿಲ್ಲ.

ಚೀವರ ದಾನ ಚೆನ್ನಾಗಿ ನಡೆಯಿತು. ಹಳ್ಳಿಯ ಜನ ಅನ್ನ, ಹಣ್ಣು, ಹೂವು ತಂದಿದ್ದರು. ಬುದ್ಧ ವಂದನೆ ಶುರುವಾದಾಗ ನಮಗೂ ಅವರಿಗೂ ಒಂದೇ ಪಾಲಿ ಮಾತು. ಅವರ ರಾಗ ಬೇರೆ, ನಮ್ಮ ರಾಗ ಬೇರೆ, ಆದರೂ ಮೂರನೆಯ ಸಾಲಿಗೆ ದನಿಗಳು ಕೂಡಿಕೊಂಡವು. ಪರದೇಶದಲ್ಲಿ ಮೊದಲ ಸಲ ನನಗೆ ಯಾರ ಮೇಲೂ ಅನುಮಾನ ಬರಲಿಲ್ಲ. ಆ ಸ್ಥಿತಿ ಬಹಳ ಹೊತ್ತು ಉಳಿಯಲಿಲ್ಲ.

ಮಧ್ಯಾಹ್ನಕ್ಕೆ ಗಾಳಿ ಎದ್ದಿತು. ಹಿಂದೆಯೇ ಮಳೆ. ಎಲ್ಲೋ ಕಂಬ ಉರುಳಿ ಇಡೀ ಗುಡ್ಡದ ಕರೆಂಟ್ ಹೋಯಿತು. ನೋಡುತ್ತಿದ್ದಂತೆ ಹಳ್ಳಿಯವರು ಕೊಡೆ ಹಿಡಿದು, ಕಂಕುಳಲ್ಲಿ ಅನ್ನದ ಕುಕ್ಕರ್ ಇಟ್ಟುಕೊಂಡು ಒಬ್ಬೊಬ್ಬರಾಗಿ ಬಂದರು. ನೋಯ್ ಗಾಡಿಯನ್ನು ವಿಹಾರದ ಚಾವಣಿಯ ಕೆಳಗೆ ನಿಲ್ಲಿಸಿ, ಅವರ ವೈರುಗಳನ್ನೆಲ್ಲ ಒಂದೊಂದಾಗಿ ಸಿಕ್ಕಿಸಿದಳು. ನೀರೆತ್ತುವ ಪಂಪು ಕೂಡ ಅದಕ್ಕೇ. ಗಾಡಿಯ ಹಿಂಬದಿ ಮದುವೆ ಮನೆಯ ಅಡುಗೆ ಕೋಣೆಯಾಯಿತು.

ನಾನು ಹೋಗಿ ಪರದೆ ನೋಡಿ ಬಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೋದೆ. ಮೂರನೆಯ ಸಲ ನೋಯ್ ನನ್ನನ್ನು ಕೂರಿಸಿ, ಪರದೆಯ ಮೇಲೆ ಒಂದು ಗೆರೆ ತೋರಿಸಿ, ಫೋನಿಗೆ ಹೇಳಿದಳು. ಫೋನು ನುಡಿಯಿತು: "ಈ ಗೆರೆ ಬಂದಾಗ ವಾಹನವು ಕೊಡುವುದನ್ನು ತಾನೇ ನಿಲ್ಲಿಸುತ್ತದೆ. ಕೆಳಗೆ ಇಳಿಯುವ ಶಕ್ತಿ ಉಳಿಯುತ್ತದೆ."

"ಗೆರೆ ಎಳೆದೋರು ಯಾರು? ಮನುಷ್ಯರೇ ತಾನೇ?" ಎಂದೆ ಕನ್ನಡದಲ್ಲೇ. ರತ್ನಮ್ಮ ಜಗಲಿಯಿಂದಲೇ ಬೈದಳು: "ನಾಲ್ಕು ಮನಿಗೆ ಅನ್ನ ಬೇಯ್ತಾ ಐತೆ. ನೀವ್ಯಾಕೆ ಹೊಟ್ಟೆ ಉರ್ಕೋತೀರಿ?"

ಬೈದವಳು ಅಲ್ಲೇ ಕೆಮ್ಮತೊಡಗಿದಳು. ಗಂಧದ ಕಡ್ಡಿಯ ಹೊಗೆ, ಮಳೆಯ ಥಂಡಿ, ಎರಡೂ ಸೇರಿದ್ದವು. ಕೆಮ್ಮು ನಿಂತಾಗ ಉಸಿರು ಸಿಳ್ಳೆ ಹೊಡೆಯುತ್ತಿತ್ತು. ಕುತ್ತಿಗೆಯ ನರ ಉಬ್ಬಿತು. ಎಷ್ಟೋ ಸಲ ನೋಡಿದ್ದೇನೆ, ಆದರೆ ಪ್ರತಿ ಸಲವೂ ಹತ್ತಿರದಲ್ಲಿ ಡಾಕ್ಟರಿದ್ದರು. ನಾನು ಬ್ಯಾಗಿನಿಂದ ಯಂತ್ರ ಹಿರಿದುಕೊಂಡು ಗಾಡಿಯ ಹತ್ತಿರ ಓಡಿದೆ. ಒಂದು ಪ್ಲಗ್ಗೂ ಖಾಲಿಯಿರಲಿಲ್ಲ. ನನಗೆ ಅವರ ಭಾಷೆ ಬಾರದು. ಯಂತ್ರ ಎತ್ತಿ ತೋರಿಸಿದೆ, ಎದೆ ಮುಟ್ಟಿಕೊಂಡೆ.

ಹತ್ತಿರ ನಿಂತಿದ್ದ ಮುದುಕನೊಬ್ಬ ಮುಂದೆ ಬಂದ. ತನ್ನ ಕುಕ್ಕರಿನ ವೈರು ಕಿತ್ತು, ನನ್ನ ವೈರು ತಾನೇ ಸಿಕ್ಕಿಸಿದ. ಅರ್ಧ ಬೆಂದ ಅನ್ನವನ್ನು ಕಂಕುಳಿಗೆ ಎತ್ತಿಕೊಂಡು ಹಿಂದಕ್ಕೆ ಸರಿದು ನಿಂತ.

ರತ್ನಮ್ಮನನ್ನು ತೊಟ್ಟಿಯ ಬೆಂಚಿನ ಮೇಲೆ ಕೂರಿಸಿ ಮೂಗಿಗೆ ಮುಖವಾಡ ಹಿಡಿದೆ. ಯಂತ್ರ ಗುಂಯ್ ಎಂದಿತು. ಔಷಧಿಯ ಹೊಗೆ ಏಳುವುದನ್ನು ನೋಡುತ್ತ ನಾನೂ ಅವಳ ಜೊತೆಗೇ ಉಸಿರೆಳೆಯುತ್ತಿದ್ದೆ. ಸಿಳ್ಳೆ ಕಡಿಮೆಯಾಯಿತು, ಆದರೆ ನಿಲ್ಲಲಿಲ್ಲ. ಹಿರಿಯ ಭಿಕ್ಷು ನೋಡಿ, ಕೆಳಗಿನ ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದರು.

ಪರದೆಯ ಅಂಕಿ ಆ ಗೆರೆಯ ಹತ್ತಿರವೇ ಇತ್ತು.

ಇಳಿಜಾರು

ರತ್ನಮ್ಮ, ಮೇಷ್ಟ್ರು, ನಾನು, ನೋಯ್, ನಾಲ್ವರೇ ಹೊರಟೆವು. ಹಿಂದಿನ ಸೀಟಿನ ಬಳಿಯೂ ಒಂದು ಪ್ಲಗ್ಗಿತ್ತು. ಯಂತ್ರವನ್ನು ಅದಕ್ಕೆ ಹಾಕಿ ಮೇಷ್ಟ್ರು ಮುಖವಾಡ ಹಿಡಿದುಕೊಂಡರು. ನಾನು ಅಂಕಿ ನೋಡುತ್ತ ಕೂತೆ. ಪ್ರತಿ ತಿರುವಿನಲ್ಲೂ ನನ್ನ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು.

ಕೆಲವು ತಿರುವು ಇಳಿದ ಮೇಲೆ ಅಂಕಿ ಒಂದು ಹೆಚ್ಚಾಯಿತು. ಕಣ್ಣುಜ್ಜಿಕೊಂಡೆ. ಇನ್ನೊಂದು ಹೆಚ್ಚಾಯಿತು.

"ಮೇಷ್ಟ್ರೇ, ಇದ್ರ ಮೀಟರ್ ಕೆಟ್ಟೈತೆ. ಇಳಿಯೋದು ಬಿಟ್ಟು ಏರ್ತಾ ಐತೆ."

"ಕೆಟ್ಟಿಲ್ಲಪ್ಪ. ಇಳಿಜಾರಿನಾಗೆ ಚಕ್ರ ತಿರುಗಿದ್ರೆ ಮೋಟಾರು ಕರೆಂಟ್ ಮಾಡ್ತೈತಂತೆ. ಹಳೇ ಸೈಕಲ್ಲಿನ ಡೈನಮೋ ಇದ್ದಂಗೆ."

ನೋಯ್ ಬ್ರೇಕ್ ತುಳಿಯುತ್ತಿರಲಿಲ್ಲ, ಆದರೂ ಗಾಡಿ ಹಿಡಿತದಲ್ಲಿತ್ತು. ಘಾಟಿಯಲ್ಲಿ ನಾನು ಎರಡನೇ ಗೇರಿಗೆ ಹಾಕಿ, ಎಂಜಿನ್ನಿನ ಬಲದಿಂದಲೇ ಬಸ್ಸನ್ನು ತಡೆದು ಇಳಿಸುತ್ತಿದ್ದೆ. ಆ ಬಲವೆಲ್ಲ ಅಬ್ಬರವಾಗಿ, ಬಿಸಿಯಾಗಿ ಗಾಳಿಗೆ ಹೋಗುತ್ತಿತ್ತು. ಇದು ಅದನ್ನೇ ಹಿಡಿದು ಒಳಗಿಟ್ಟುಕೊಳ್ಳುತ್ತಿತ್ತು. ಇಷ್ಟು ವರ್ಷ ನಾನೂ ಅದೇ ಕೆಲಸ ಮಾಡಿದ್ದೆ, ಉಳಿಸಿಕೊಳ್ಳುವುದು ಮಾತ್ರ ನನ್ನ ಬಸ್ಸಿಗೆ ಗೊತ್ತಿರಲಿಲ್ಲ.

ಮುಂದೆ ಒಂದು ಮರ ರಸ್ತೆಗೆ ಅಡ್ಡ ಬಿದ್ದಿತ್ತು. ದೊಡ್ಡ ಮರವೇನಲ್ಲ, ಆದರೆ ನಾಲ್ಕು ಜನ ಎತ್ತುವಂಥದ್ದೂ ಅಲ್ಲ. ಒಂದು ಬದಿ ಪ್ರಪಾತ. ನೋಯ್ ಹಗ್ಗ ತಂದು ಒಂದು ತುದಿಯನ್ನು ಮರಕ್ಕೆ, ಇನ್ನೊಂದನ್ನು ಗಾಡಿಯ ಮುಂದಿನ ಕೊಂಡಿಗೆ ಕಟ್ಟಿದಳು. ಅವಳ ಗಂಟು ನನಗೆ ಸರಿ ಕಾಣಲಿಲ್ಲ, ಬಿಚ್ಚಿ ಮತ್ತೆ ಕಟ್ಟಿದೆ. ಅವಳು ಹೋಗಿ ಸ್ಟೇರಿಂಗ್ ಹಿಡಿದಳು. ನಾನು ಮಳೆಯಲ್ಲಿ ರಸ್ತೆಯ ಅಂಚಿಗೆ ನಿಂತು ಚಪ್ಪಾಳೆ ತಟ್ಟಿದೆ. ನಮ್ಮ ಕಂಡಕ್ಟರುಗಳು ಬಸ್ಸನ್ನು ಹಿಂದೆ ಮುಂದೆ ಮಾಡಿಸಲು ಹಾಗೆಯೇ ತಟ್ಟುತ್ತಿದ್ದರು. ತಟ್ಟಿದರೆ ಹಿಂದಕ್ಕೆ ಎಳೆ, ಕೈ ಎತ್ತಿದರೆ ನಿಲ್ಲು. ಯಾರೂ ಹೇಳಿಕೊಡದಿದ್ದರೂ ನೋಯ್‌ಗೆ ಅದು ಅರ್ಥವಾಯಿತು. ಗಾಡಿ ಗುಡುಗಲಿಲ್ಲ, ಹೊಗೆಯುಗುಳಲಿಲ್ಲ. ಹಗ್ಗ ಬಿಗಿಯಾಯಿತು, ಚಕ್ರ ಒಂದು ಗೇಣು ಜಾರಿತು. ನಾನು ಕೈ ಎತ್ತಿದೆ, ಅವಳು ನಿಂತಳು. ಚಕ್ರಕ್ಕೆ ಕಲ್ಲು ಒತ್ತಿ ಮತ್ತೆ ತಟ್ಟಿದೆ. ಮರ ಕರಕರ ಎನ್ನುತ್ತ ತಿರುಗಿ ಗುಡ್ಡದ ಬದಿಗೆ ಸರಿಯಿತು. ಸಣ್ಣ ಗಾಡಿ ನುಸುಳುವಷ್ಟು ದಾರಿ.

ಒದ್ದೆ ಮುದ್ದೆಯಾಗಿ ಒಳಗೆ ಕೂತಾಗ ರತ್ನಮ್ಮ ಮುಖವಾಡದ ಒಳಗಿನಿಂದ ಏನೋ ಅಂದಳು. ಮೇಷ್ಟ್ರು ಮುಖವಾಡ ಸರಿಸಿದರು.

"ತಲಿ ಒರೆಸ್ಕೊಳ್ರಿ" ಎಂದಳು.

ಪೇಟೆಯ ಆಸ್ಪತ್ರೆ

ಆಸ್ಪತ್ರೆ ಸಣ್ಣದು, ಚೊಕ್ಕಟ. ಹುಡುಗಿಯಂತಿದ್ದ ಡಾಕ್ಟರು ಆಮ್ಲಜನಕ ಕೊಟ್ಟು, ಚುಚ್ಚುಮದ್ದು ಹಾಕಿ, ಇನ್ನು ಗಾಬರಿ ಬೇಡ ಎಂದರು. ದಾರಿಯಲ್ಲಿ ಔಷಧಿ ನಿಲ್ಲಿಸದೆ ಕೊಟ್ಟದ್ದು ಒಳ್ಳೆಯದಾಯಿತು ಎಂದರಂತೆ. ರತ್ನಮ್ಮ ಮಲಗಿದ ಮೇಲೆ ನಾನು ಹೊರಗಿನ ಬೆಂಚಿಗೆ ಬಂದು ಕೂತೆ. ನೋಯ್ ಬಂದು ಬಿಸಿ ಗಂಜಿಯ ಬಟ್ಟಲು ಕೊಟ್ಟಳು. ನಾನು ಕೈ ಮುಗಿದೆ.

ಅವಳು ಫೋನಿಗೆ ಬಹಳ ಹೊತ್ತು ಏನೋ ಹೇಳಿದಳು. ಫೋನು ನುಡಿಯಿತು: "ಹಿರಿಯರೇ, ಕ್ಷಮೆ ಇರಲಿ. ನಿನ್ನೆಯಿಂದ ನಿಮ್ಮ ಮೇಲೆ ನನಗೆ ಸಂಶಯವಿತ್ತು. ನೀವು ವಾಹನದ ಕೆಳಗೆ ನೋಡಿದಿರಿ. ಪರದೆಯನ್ನು ಬಿಡದೆ ನೋಡಿದಿರಿ. ನಿಮ್ಮ ಪಾದವು ಶಾಂತವಾಗಿರಲಿಲ್ಲ. ನನ್ನ ವಾಹನವನ್ನು ಕದಿಯುವ ಆಲೋಚನೆಯೆಂದು ಭಾವಿಸಿ ರಾತ್ರಿ ಕೀಲಿಯನ್ನು ತಲೆಯ ಕೆಳಗಿಟ್ಟು ಮಲಗಿದೆ."

ಪಕ್ಕದಲ್ಲಿದ್ದ ಮೇಷ್ಟ್ರು ಗಂಜಿ ನೆತ್ತಿಗೆ ಹತ್ತಿ ಕೆಮ್ಮಿದರು.

"ಅವರಿಗೆ ಹೇಳ್ರಿ, ನಾನು ಬಸ್ ಡ್ರೈವರು ಅಂತ" ಎಂದೆ.

ಮೇಷ್ಟ್ರು ಹೇಳಿದರು. ನೋಯ್ ಒಂದು ಕ್ಷಣ ನನ್ನ ಕಾಲು ನೋಡಿದಳು, ಆಮೇಲೆ ಮುಖ. ತೊಡೆ ತಟ್ಟಿಕೊಂಡು ನಕ್ಕಳು. ತನ್ನ ಅಪ್ಪನೂ ಲಾರಿ ಓಡಿಸುತ್ತಿದ್ದ, ತನ್ನ ಪಕ್ಕ ಕೂತರೆ ಹೀಗೆಯೇ ನೆಲ ತುಳಿಯುತ್ತಾನೆ, ಅದಕ್ಕೇ ಅವನನ್ನು ಹಿಂದಿನ ತೊಟ್ಟಿಯಲ್ಲಿ ಕೂರಿಸುತ್ತಾಳಂತೆ.

ಚಿಯಾಂಗ್ ಮಾಯ್

ಮರುದಿನ ಬಿಸಿಲು ಬಂದಿತ್ತು. ಆಸ್ಪತ್ರೆಯವರು ರತ್ನಮ್ಮನನ್ನು ಕಳಿಸಿಕೊಟ್ಟರು. ಗಾಡಿ ಆಸ್ಪತ್ರೆಯ ಅಂಗಳದಲ್ಲೇ ಹೊಟ್ಟೆ ತುಂಬ ಚಾರ್ಜು ಕುಡಿದಿತ್ತು. ಗುಡ್ಡದಲ್ಲಿ ಉಳಿದವರನ್ನು ಆಮೇಲೆ ಕರೆತರುವುದೆಂದು, ಮೊದಲು ನಮ್ಮನ್ನು ಚಿಯಾಂಗ್ ಮಾಯ್‌ಗೆ ಬಿಡಲು ನೋಯ್ ಹೊರಟಳು. ನಾನು ಮುಂದೆಯೇ ಕೂತೆ. ಗದ್ದೆಗಳು, ನೀರು ತುಂಬಿದ ಕಾಲುವೆಗಳು, ಸೂಳೆಕೆರೆಯ ಕೆಳಗಿನ ಬಯಲಿನಂಥ ಬಯಲು. ಅಷ್ಟು ನೆನಪಿದೆ.

ಕಣ್ಣು ಬಿಟ್ಟಾಗ ಗಾಡಿ ವಸತಿಗೃಹದ ಮುಂದೆ ನಿಂತಿತ್ತು. ಬೇರೆಯವರ ಕೈಯಲ್ಲಿ ಸ್ಟೇರಿಂಗ್ ಇದ್ದಾಗ ನಾನು ಕಣ್ಣು ಮುಚ್ಚಿದವನಲ್ಲ. ಮುಚ್ಚಿದ್ದರೂ ಎಂಜಿನ್ ಆಫ್ ಆದ ಕೂಡಲೇ ಎಚ್ಚರವಾಗಬೇಕಿತ್ತು. ಇಲ್ಲಿ ಆಫ್ ಆಗಲು ಎಂಜಿನ್ನೇ ಇರಲಿಲ್ಲ. ರತ್ನಮ್ಮ ಹೊರಗೆ ನೆರಳಲ್ಲಿ ಕೂತು ಎಳನೀರು ಮುಗಿಸಿ, ಅದರೊಳಗಿನ ಗಂಜಿ ಕೆರೆದು ತಿನ್ನುತ್ತಿದ್ದಳು.

"ಬಾಳ ಹೊತ್ತಾತು ಬಂದು. ಏಳಿಸಬ್ಯಾಡ್ರಿ ಅಂತ ಆಯಮ್ಮ ಸನ್ನೆ ಮಾಡಿ ಅಲ್ಲೇ ಕೂತಾಳೆ" ಎಂದಳು.

ತಿರುಗಿ ನೋಡಿದೆ. ನೋಯ್ ಸ್ಟೇರಿಂಗ್ ಹಿಂದೆ ಹಾಗೆಯೇ ಕೂತಿದ್ದಳು. ಈ ಸಲ ಫೋನು ತೆಗೆಯಲಿಲ್ಲ. ಎರಡೂ ಅಂಗೈ ಜೋಡಿಸಿ ಕೆನ್ನೆಗಿಟ್ಟು ತಲೆ ವಾಲಿಸಿದಳು. ಆಮೇಲೆ ಬಾಯಿ ತೆರೆದು, ನಾನು ಹೇಗೆ ಗೊರಕೆ ಹೊಡೆದೆನೆಂದು ಹೊಡೆದು ತೋರಿಸಿದಳು. ದಾರಿಯುದ್ದಕ್ಕೂ ಆ ಗಾಡಿಯಿಂದ ಬಂದ ಸದ್ದು ಅದೊಂದೇ ಎಂದಳು ರತ್ನಮ್ಮ.